ಗಿಟಾರಿಗೆ ಆಯುಧಪೂಜೆ

ಯಾವುದೇ ವಸ್ತುವನ್ನು ಪರೀಕ್ಷಿಸದೆ ಕೊಳ್ಳುವ ಜಾತಿಯವನು ನಾನಲ್ಲ. ಇದು ಜಂಬದ ಮಾತಲ್ಲ, ನನ್ನ ಉದ್ಯೋಗ. ರಾಜಾಜಿನಗರದ ಇಂಡಸ್ಟ್ರಿಯಲ್ ಟೌನಿನಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷದಿಂದ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕೂತಲ್ಲೇ ಅಳೆದು, ತಪ್ಪು ಹುಡುಕಿ, 'ರಿಜೆಕ್ಟ್' ಎಂದು ಕೆಂಪು ಟ್ಯಾಗ್ ಕಟ್ಟುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಈ ಬುದ್ಧಿ ಗೇಟಿನ ಹೊರಗೂ ಬಿಡುವುದಿಲ್ಲ. ತೆಂಗಿನಕಾಯಿ ಕೊಳ್ಳಬೇಕಾದರೆ ಹನ್ನೆರಡು ಕಾಯಿ ಅಲ್ಲಾಡಿಸಿ ಹದಿಮೂರನೆಯದನ್ನು ತೆಗೆದುಕೊಳ್ಳುತ್ತೇನೆ.

"ನನ್ನ ನೋಡೋಕೆ ಬಂದಾಗ್ಲೂ ಹೀಗೇ ನೋಡಿದ್ರಿ. ಪುಣ್ಯಕ್ಕೆ ಅಲ್ಲಾಡಿಸಲಿಲ್ಲ" ಎನ್ನುತ್ತಾಳೆ ನನ್ನ ಹೆಂಡತಿ ಸರಳಾ.

ಇಂಥ ನಾನು ಒಂದು ಎಲೆಕ್ಟ್ರಿಕ್ ಗಿಟಾರಿನ ಕೈಯಲ್ಲಿ ಸಿಕ್ಕಿಹಾಕಿಕೊಂಡ ಕಥೆ ಇದು.

ಮದುವೆಗೆ ಮುಂಚೆ ನಾನು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಯಾರದೋ ಮದುವೆಯ ರಿಸೆಪ್ಷನ್ನು, ಎಲ್ಲಿ ಮೈಕು ಕಟ್ಟಿದರೂ ನಾವು ಹಾಜರ್. ಆ ಕಾಲದ ಗಿಟಾರು ಇನ್ನೂ ನಮ್ಮ ಅಟ್ಟದ ಮೇಲಿದೆ. ಅದರ ವಾಲ್ಯೂಮಿನ ಗುಂಡಿ ಬಿದ್ದುಹೋಗಿ, ಆ ಜಾಗದಲ್ಲಿ ಟೂತ್‌ಪೇಸ್ಟಿನ ಮುಚ್ಚಳ ಕೂತಿದೆ. ಶ್ರುತಿ ಮಾಡಿ ಮುಗಿಸುವಷ್ಟರಲ್ಲಿ ಹಾಡು ಮುಗಿದಿರುತ್ತದೆ. ನನ್ನ ವಾದನದಲ್ಲಿ ಯಾರಾದರೂ ಅಪಸ್ವರ ಕಂಡರೆ ನಾನು ಗಿಟಾರಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಿದ್ದೆ. ಅವರೂ ಅದರ ಕಡೆ ನೋಡಿ ಕನಿಕರಪಡುತ್ತಿದ್ದರು. ಹೀಗೆ ನಮ್ಮಿಬ್ಬರ ಸಂಸಾರ ಚೆನ್ನಾಗಿಯೇ ನಡೆದಿತ್ತು.

ಮದುವೆಯಾದ ಮೇಲೆ ಹದಿನೈದು ವರ್ಷ ನಾನು ಅದನ್ನು ಮುಟ್ಟಿರಲಿಲ್ಲ. ಆ ವರ್ಷ ದಸರಾಕ್ಕೆ ಸ್ವಲ್ಪ ಮುಂಚೆ ನಮ್ಮ ಆರ್ಕೆಸ್ಟ್ರಾದ ಕೀಬೋರ್ಡ್ ರಮೇಶ ಮೂಡಲಪಾಳ್ಯದಿಂದ ಸ್ಕೂಟರಿನಲ್ಲಿ ಬಂದ.

"ಲೋ ನಾಗ, ಈ ಸಲ ನಿಮ್ಮ ಮಹಾಲಕ್ಷ್ಮಿ ಲೇಔಟ್ ರಾಜ್ಯೋತ್ಸವಕ್ಕೆ ನಮ್ಮ ಹಳೇ ಟೀಮೇ ಕಣೋ. ಒಂದು ಸೋಲೋ ನಿಂದು, ನೀನೊಬ್ನೇ. ಹೊಡೆದು ಬಿಸಾಕ್ಬೇಕು!"

"ನನ್ನ ಹಳೇ ಡಬ್ಬದಲ್ಲಿ ಆಗುತ್ತೇನೋ?" ಎಂದೆ.

"ಹಂಗಾದ್ರೆ ಹೊಸದು ತಗೋ ಗುರು. ಈಗಿನ ಗಿಟಾರ್ ನೋಡಿದೀಯಾ? ಬೆರಳಿಟ್ರೆ ಸಾಕು, ತಾನೇ ಹಾಡುತ್ತೆ."

ಈ ಮಾತು ನನ್ನ ತಲೆಗೆ ಹೊಕ್ಕಿತು. ಆದರೆ ತಲೆಗೆ ಹೊಕ್ಕರೆ ಸಾಕೆ, ಬೀರುವಿನ ಬೀಗದ ಕೈ ಸರಳಾಳ ಸೊಂಟದಲ್ಲಿತ್ತು. ಬೀರುವಿನಲ್ಲಿ ಆಗಷ್ಟೇ ಎತ್ತಿದ ಚೀಟಿಯ ದುಡ್ಡಿತ್ತು. ಆ ದುಡ್ಡು ವಾಷಿಂಗ್ ಮಷೀನಿಗೆ ಎಂದು ಎರಡು ವರ್ಷದಿಂದ ನಿಶ್ಚಯವಾಗಿತ್ತು. ಸೋಪಿನ ಪುಡಿಯಲ್ಲಿ ನೆನೆದು ನೆನೆದು ಸರಳಾಳ ಅಂಗೈ ಬಿರುಕು ಬಿಟ್ಟಿತ್ತು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುವಾಗ ಅವಳು 'ಸ್ಸ್' ಎನ್ನುವುದು ನನಗೂ ಕೇಳಿಸುತ್ತಿತ್ತು. ಕೇಳಿಸಿಯೂ ನಾನು ಗಿಟಾರಿನ ಮಾತೆತ್ತಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

"ಎಷ್ಟಂತೆ?" ಎಂದಳು.

"ಇಪ್ಪತ್ತೆಂಟು ಸಾವಿರ ಅಂದ ರಮೇಶ."

ಅವಳು ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಅಷ್ಟು ದುಡ್ಡಿಗೆ ವಾಷಿಂಗ್ ಮಷೀನ್ ಬಂದು, ಗ್ಯಾಸ್ ಸ್ಟವ್ ಬಂದು, ಕುಕ್ಕರ್ ಬಂದು, ಇನ್ನೂ ಮಿಗುತ್ತೆ ರೀ. ಅದೇನು ಬಟ್ಟೆ ಒಗೆಯುತ್ತಾ?"

"ಕಲೆ ಕಣೇ, ಕಲೆ!"

"ಕಲೆ ನಿಮ್ಮ ಕಾಲರಿನಲ್ಲೇ ಬೇಕಾದಷ್ಟಿದೆ" ಎಂದಳು. ಆಮೇಲೆ ನನ್ನ ಮುಖ ನೋಡಿ ಏನನ್ನಿಸಿತೋ, ಸ್ವಲ್ಪ ಸಡಿಲವಾದಳು. "ನೀವೇ ಇನ್‌ಸ್ಪೆಕ್ಟರ್ ಅಲ್ವಾ? ಪರೀಕ್ಷೆ ಮಾಡಿ. ನಿಜವಾಗ್ಲೂ ಅಷ್ಟು ಬೆಲೆ ಬಾಳುತ್ತೆ ಅಂದ್ರೆ ತಗೊಳ್ಳಿ, ನಾನು ಇನ್ನೊಂದು ಚೀಟಿವರೆಗೆ ಕಾಯ್ತೀನಿ. ಬಾಳಲ್ಲ ಅಂದ್ರೆ ಮಷೀನ್. ಆದ್ರೆ ಸುಳ್ಳು ಹೇಳ್ಬಾರ್ದು."

ಇದಕ್ಕಿಂತ ನ್ಯಾಯವಾದ ತೀರ್ಪು ಹೈಕೋರ್ಟಿನಲ್ಲೂ ಸಿಗದು. ನಾನು ಒಪ್ಪಿದೆ, ಅವಳು ಬೀರುವಿನಿಂದ ದುಡ್ಡು ತೆಗೆದುಕೊಟ್ಟಳು.

ವಿಜಯನಗರದ ವಾದ್ಯದ ಅಂಗಡಿಯಲ್ಲಿ ಗಿಟಾರು ನೇತಾಡುತ್ತಿತ್ತು. ಕಡುನೀಲಿ ಮೈ, ಕೆನೆಬಣ್ಣದ ಉದ್ದನೆಯ ಕತ್ತು. ನೋಡಿದ ಕೂಡಲೇ ಕಾಲು ತಾನೇ ಅದರ ಹತ್ತಿರ ಹೋಯಿತು. ಅಂಗಡಿಯವರು ಅದರ ಗುಣಗಾನ ಶುರುಮಾಡಿದರು. "ಲೇಟೆಸ್ಟ್ ಸಾರ್. ಆಕ್ಟಿವ್ ಪಿಕಪ್ಪು."

ಆಕ್ಟಿವ್ ಪಿಕಪ್ಪು ಎಂದರೇನೆಂದು ನನಗೆ ತಿಳಿದಿರಲಿಲ್ಲ. ಕೇಳಬಹುದಾಗಿತ್ತು. ಆದರೆ ಪಕ್ಕದಲ್ಲಿ ಕಾಲೇಜು ಹುಡುಗರಿಬ್ಬರು ನಿಂತಿದ್ದರು. ಹದಿನೆಂಟು ವರ್ಷದ ಸರ್ವಿಸಿನ ಇನ್‌ಸ್ಪೆಕ್ಟರು ಅವರೆದುರು 'ಹಾಗಂದ್ರೇನು' ಎಂದು ಕೇಳುವುದುಂಟೆ? ಗಂಭೀರವಾಗಿ ತಲೆಯಾಡಿಸಿದೆ.

"ನುಡಿಸಿ ನೋಡಿ ಸಾರ್" ಎಂದರು. ಅಷ್ಟರಲ್ಲಿ ಆ ಹುಡುಗರಲ್ಲಿ ಒಬ್ಬ ಇನ್ನೊಂದು ಗಿಟಾರು ಎತ್ತಿಕೊಂಡು ನುಡಿಸಿದ. ಅಯ್ಯಪ್ಪಾ! ಅವನ ಬೆರಳುಗಳು ಕಣ್ಣಿಗೇ ಕಾಣಿಸುತ್ತಿರಲಿಲ್ಲ. ಅದಾದ ಮೇಲೆ ನಾನು ಅಲ್ಲಿ ನುಡಿಸುವುದೆಂದರೆ ಮೆರವಣಿಗೆಯ ಆನೆಯ ಹಿಂದೆ ಕುಂಟುತ್ತಾ ಹೋದ ಹಾಗೆ.

"ಈ ಗಲಾಟೇಲಿ ಗೊತ್ತಾಗಲ್ಲ ಬಿಡಿ. ಮನೇಲಿ ಶಾಂತವಾಗಿ ಪರೀಕ್ಷೆ ಮಾಡ್ಬೇಕು" ಎಂದೆ.

ಅಂಗಡಿಯವರು ಒಪ್ಪಿದರು, ಆದರೆ ಷರತ್ತು ಹಾಕಿದರು. ಪೂರ್ತಿ ದುಡ್ಡು ಕಟ್ಟಿ ತೆಗೆದುಕೊಂಡು ಹೋಗಬೇಕು. ಮಾರನೆ ದಿನ ಆಯುಧಪೂಜೆ, ಅದರ ಮಾರನೆ ದಿನ ವಿಜಯದಶಮಿ. ಹಬ್ಬ ಮುಗಿದು ಅಂಗಡಿ ತೆರೆದ ದಿನ ತಂದರೆ ದುಡ್ಡು ವಾಪಸ್. "ಆದ್ರೆ ಹೇಗೆ ತಗೊಂಡು ಹೋದ್ರೋ ಹಾಗೇ ಇರ್ಬೇಕು ಸಾರ್. ಒಂದು ಗೀರೂ ಬೀಳ್ಬಾರ್ದು."

"ನಾನ್ಯಾರು ಗೊತ್ತೇನ್ರೀ? ಕ್ವಾಲಿಟಿ ಇನ್‌ಸ್ಪೆಕ್ಟರ್!" ಎಂದು ದುಡ್ಡು ಎಣಿಸಿಕೊಟ್ಟೆ.

ಸಾಯಂಕಾಲ ರಮೇಶನ ಆಂಪ್ಲಿಫಯರು ತಂದು ಹಾಲಿನಲ್ಲಿಟ್ಟೆ. ವೈರು ಸಿಕ್ಕಿಸಿದೆ. ಸರಳಾ ಸೆರಗು ಸರಿಮಾಡಿಕೊಂಡು ಕಚೇರಿಗೆ ಬಂದವಳ ಹಾಗೆ ಎದುರಿಗೆ ಕೂತಳು. ಕಣ್ಣು ಮುಚ್ಚಿ, ದೇವರನ್ನು ನೆನೆದು, ತಂತಿ ಮೀಟಿದೆ.

ಶಬ್ದವಿಲ್ಲ!

ಇನ್ನೊಮ್ಮೆ ಮೀಟಿದೆ. ಸೊಳ್ಳೆ ಕೂಗಿದಷ್ಟು ಸದ್ದು. ಆಂಪ್ಲಿಫಯರಿನ ಕೆಂಪು ದೀಪ ಉರಿಯುತ್ತಿದೆ. ಪ್ಲಗ್ ಬದಲಾಯಿಸಿದೆ. ವೈರು ತಿರುಗಿಸಿ ಹಾಕಿದೆ. ಫ್ಯೂಸು ಬಿಚ್ಚಿ ನೋಡಿದೆ. ಮುಕ್ಕಾಲು ಗಂಟೆ ಹೀಗೆ ಕಳೆಯಿತು.

"ಚೆನ್ನಾಗಿದೆ ರೀ, ತಲೆನೋವೇ ಬರಲ್ಲ" ಎಂದಳು ಸರಳಾ.

ಕೊನೆಗೆ ಮಾನ ಬಿಟ್ಟು ಅಂಗಡಿಗೆ ಫೋನ್ ಮಾಡಿದೆ.

"ಬ್ಯಾಟರಿ ಹಾಕಿದ್ರಾ ಸಾರ್?"

"ಯಾವ ಬ್ಯಾಟರಿ ರೀ? ಇದು ಕರೆಂಟಿನ ಗಿಟಾರ್ ಅಲ್ವಾ?"

"ಆಕ್ಟಿವ್ ಪಿಕಪ್ ಅಂದ್ನಲ್ಲ ಸಾರ್, ನೀವು ತಲೆ ಆಡಿಸಿದ್ರಿ! ತಂತಿ ಸದ್ದು ಹಿಡಿಯೋ ಭಾಗ ಅದು. ಅದಕ್ಕೆ ಒಳಗಡೆ ಒಂದು ಚೌಕದ ಬ್ಯಾಟರಿ ಇರುತ್ತೆ. ಶೋಗೆ ಇಟ್ಟಿದ್ದು ಖಾಲಿ ಆಗಿರ್ಬೇಕು."

ಫೋನ್ ಇಟ್ಟು ವಿಷಯ ಹೇಳಿದೆ. ಸರಳಾ ಗೂಡಿನಲ್ಲಿದ್ದ ರೇಡಿಯೋ ಕಡೆ ಕೈ ತೋರಿಸಿದಳು. "ನಮ್ಮ ರೇಡಿಯೋಗೆ ಕರೆಂಟು ಇಲ್ಲಾ ಬ್ಯಾಟರಿ, ಎರಡರಲ್ಲಿ ಒಂದಿದ್ರೆ ಸಾಕು. ಇಪ್ಪತ್ತೆಂಟು ಸಾವಿರದ್ದಕ್ಕೆ ಎರಡೂ ಬೇಕಾ?"

ಚಪ್ಪಲಿ ಮೆಟ್ಟಿಕೊಂಡು ಬ್ಯಾಟರಿ ಹುಡುಕಲು ಹೊರಟೆ. ನಾಲ್ಕು ಅಂಗಡಿ ಅಲೆದೆ. ಐದನೆಯ ಎಲೆಕ್ಟ್ರಿಕಲ್ ಅಂಗಡಿಯವರು ನನ್ನ ಅವಸ್ಥೆ ನೋಡಲಾರದೆ ತಾವು ಕರೆಂಟು ಪರೀಕ್ಷಿಸುವ ಮೀಟರಿನೊಳಗಿದ್ದ ಬ್ಯಾಟರಿಯನ್ನೇ ಬಿಚ್ಚಿ ಕೊಟ್ಟರು. ಓಡಿ ಬಂದು ಹಾಕಿದೆ. ತಂತಿಯ ಮೇಲೆ ಬೆರಳಿಟ್ಟೆ. ಬೀದಿಯ ಕೊನೆಯಲ್ಲಿ 'ಢಂ' ಎಂದಿತು. ಟ್ರಾನ್ಸ್‌ಫಾರ್ಮರು! ಇಡೀ ಬೀದಿ ಕತ್ತಲೆ.

ಕೆಳಗಿನ ಮನೆಯ ಆಂಟಿ ಮೆಟ್ಟಿಲ ಹತ್ತಿರ ನಿಂತು ಕೂಗಿದರು. "ಸರಳಾ, ನಿಮ್ಮನೆಯವರು ಅದೇನೋ ಹೊಸದು ತಂದ್ರಂತಲ್ಲ, ಅದರಿಂದಾನಾ?"

ಮಾರನೆ ದಿನ ಬೆಳಗ್ಗೆಯೂ ಕರೆಂಟ್ ಬಂದಿರಲಿಲ್ಲ. ನನ್ನ ತಾಳ್ಮೆ ಸತ್ತಿತ್ತು. ಈ ಗಿಟಾರನ್ನು ಕಿವಿಯಿಂದ ಪರೀಕ್ಷಿಸುವ ಯೋಗ ನನಗಿಲ್ಲ. ಒಳ್ಳೆಯದೇ ಆಯಿತು! ಕಿವಿ ಮೋಸ ಮಾಡಬಹುದು, ಅಳತೆ ಮೋಸ ಮಾಡುವುದಿಲ್ಲ. "ಗಿಟಾರಿಗೆ ಕತ್ತೇ ಮುಖ್ಯ ಕಣೋ" ಎಂದು ರಮೇಶ ಹೇಳಿದ್ದ. ಕತ್ತು ನೆಟ್ಟಗಿದೆಯೋ ಇಲ್ಲವೋ ಹೇಳುವುದಕ್ಕೆ ಬೆಂಗಳೂರಿನಲ್ಲಿ ನನಗಿಂತ ಯೋಗ್ಯ ಯಾರಿದ್ದಾರೆ?

"ನುಡಿಸಿ ನೋಡೋದು ಬಿಟ್ಟು ಅಳೆದು ನೋಡ್ತಾರಾ ಯಾರಾದ್ರೂ?" ಎಂದಳು ಸರಳಾ.

"ನಿನಗೆ ಗೊತ್ತಾಗಲ್ಲ ಸುಮ್ನಿರು" ಎಂದು ಗಿಟಾರನ್ನು ಸ್ಕೂಟರಿಗೆ ಕಟ್ಟಿಕೊಂಡು ಕಾರ್ಖಾನೆಗೆ ಹೊರಟೆ.

ಆಯುಧಪೂಜೆಯ ದಿನ ನಮ್ಮ ಕಾರ್ಖಾನೆಯಲ್ಲಿ ಕೆಲಸವಿಲ್ಲ, ಪೂಜೆ ಮಾತ್ರ. ಲೇತುಗಳಿಗೆ ಬಾಳೆಕಂಬ, ಡ್ರಿಲ್ಲಿಂಗ್ ಮಷೀನಿಗೆ ಚೆಂಡುಹೂವು, ಎಲ್ಲೆಲ್ಲೂ ಊದುಬತ್ತಿಯ ಹೊಗೆ. ನಾನು ಯಾರ ಕಣ್ಣಿಗೂ ಬೀಳದೆ ನನ್ನ ಇನ್‌ಸ್ಪೆಕ್ಷನ್ ಕೋಣೆಗೆ ನುಗ್ಗಿದೆ. ಅಲ್ಲಿ ನಮ್ಮ ಸರ್ಫೇಸ್ ಪ್ಲೇಟ್ ಇದೆ. ಸರ್ಫೇಸ್ ಪ್ಲೇಟ್ ಎಂದರೆ ಕೂದಲೆಳೆಯಷ್ಟೂ ಏರುತಗ್ಗಿಲ್ಲದ ಕಪ್ಪು ಗ್ರಾನೈಟ್ ಕಲ್ಲು. ಅದರ ಮೇಲಿಟ್ಟರೆ ಯಾವ ಡೊಂಕೂ ಅಡಗಿ ಕೂರುವ ಹಾಗಿಲ್ಲ. ವರ್ನಿಯರ್, ಮೈಕ್ರೋಮೀಟರ್ ಎಲ್ಲವನ್ನೂ ಪೂಜೆಗೆಂದು ಆಗಲೇ ಅದರ ಮೇಲೆ ಸಾಲಾಗಿ ಜೋಡಿಸಿದ್ದರು. ಅವುಗಳನ್ನು ಸ್ವಲ್ಪ ಸರಿಸಿ ಗಿಟಾರನ್ನು ಮಲಗಿಸಿದೆ. ಕತ್ತಿನ ಉದ್ದಕ್ಕೂ ಉಕ್ಕಿನ ಪಟ್ಟಿಯಿಟ್ಟು ಸಂದಿಯನ್ನು ಅಳೆದೆ.

ಮಧ್ಯದಲ್ಲಿ ಮೂವತ್ತು ಪಾಯಿಂಟ್ ಡೊಂಕು!

ಮೂವತ್ತು ಪಾಯಿಂಟ್ ಎಂದರೆ ನಿಮಗೆ ಮೂರು ಕೂದಲಿನ ದಪ್ಪ. ನನಗೆ ಮಹಾಪರಾಧ. ಮೂರು ಸಲ ಅಳೆದೆ, ಮೂರು ಸಲವೂ ಅಷ್ಟೇ. ಇಪ್ಪತ್ತೆಂಟು ಸಾವಿರ ರೂಪಾಯಿ ತೆಗೆದುಕೊಂಡು ಡೊಂಕು ಕತ್ತು ಕೊಡುತ್ತಾರೆಯೇ? ಹೊಟ್ಟೆ ಉರಿಯಿತು, ಜತೆಗೆ ನನ್ನ ಮೇಲೆ ನನಗೇ ಗೌರವವೂ ಬಂತು. ಕೆಂಪು ಟ್ಯಾಗ್ ತೆಗೆದು, 'ರಿಜೆಕ್ಟ್. ಕತ್ತು ಬೆಂಡ್' ಎಂದು ಬರೆದು, ದಿನಾಂಕ ಹಾಕಿ, ಸಹಿ ಮಾಡಿ, ಗಿಟಾರಿಗೆ ಕಟ್ಟಿದೆ. ಆಫೀಸಿಗೆ ಹೋಗಿ ಮನೆಗೆ ಫೋನ್ ಹಚ್ಚಿದೆ.

"ಸರಳಾ, ಗಿಟಾರ್ ರಿಜೆಕ್ಟ್! ನಿನ್ನ ವಾಷಿಂಗ್ ಮಷೀನೇ ಗಟ್ಟಿ!"

"ನಿಜವಾಗ್ಲೂನಾ ರೀ?" ಎಂದಳು. ಮದುವೆಯಾಗಿ ಇಷ್ಟು ವರ್ಷಕ್ಕೆ ಅವಳ ದನಿ ಅಷ್ಟು ಎಳೆಯದಾಗಿ ನಾನು ಕೇಳಿರಲಿಲ್ಲ. ನನಗೂ ಖುಷಿಯಾಯಿತು. ತ್ಯಾಗಮೂರ್ತಿಯ ಹಾಗೆ ಎದೆಯುಬ್ಬಿಸಿ ಫೋನ್ ಇಟ್ಟೆ.

ಅಷ್ಟರಲ್ಲಿ ನಮ್ಮ ಮಾಲೀಕರು ಕರೆದರು. "ನಾಗರಾಜ್, ಬನ್ರೀ, ಬೂದುಗುಂಬಳಕಾಯಿ ಒಡೀಬೇಕು. ನೀವೇ ಸೀನಿಯರ್ರು." ಹೋದೆ. ಕುಂಬಳಕಾಯಿಗೆ ಕುಂಕುಮ ತುಂಬಿ, ದೃಷ್ಟಿ ತೆಗೆದು, ಗೇಟಿನ ಮುಂದೆ ಒಡೆದು, ಕೈ ತೊಳೆದುಕೊಂಡು ಬರುವುದಕ್ಕೆ ಇಪ್ಪತ್ತು ನಿಮಿಷ ಹಿಡಿಯಿತು. ಇಪ್ಪತ್ತೇ ನಿಮಿಷ!

ಕೋಣೆಗೆ ಬಂದು ನೋಡುತ್ತೇನೆ, ಗಿಟಾರಿನ ನೀಲಿ ಮೈಮೇಲೆ ವಿಭೂತಿಯ ಮೂರು ಪಟ್ಟೆ. ಕೆನೆಬಣ್ಣದ ಕತ್ತಿಗೆ ಮೇಲಿಂದ ಕೆಳಗಿನವರೆಗೆ ಒದ್ದೆ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ತಂತಿಗಳ ನಡುವೆ ಚೆಂಡುಹೂವಿನ ಹಾರ. ಹೊಟ್ಟೆಯ ಮೇಲೆ ನಿಂಬೆಹಣ್ಣು. ನನ್ನ ರಿಜೆಕ್ಟ್ ಟ್ಯಾಗಿಗೂ ಒಂದು ಬೊಟ್ಟು! ಪಕ್ಕದಲ್ಲಿ ಮಲ್ಲಪ್ಪ ಕೈಮುಗಿದು ನಿಂತಿದ್ದ. ಮಲ್ಲಪ್ಪ ಬಾಗಲಕೋಟೆ ಕಡೆಯಿಂದ ಹೊಸದಾಗಿ ಬಂದ ಆಪರೇಟರು. ಭಕ್ತಿಯಲ್ಲೂ ಕೆಲಸದಲ್ಲೂ ಅರ್ಧಂಬರ್ಧ ಎಂಬುದು ಅವನಿಗೆ ಗೊತ್ತಿಲ್ಲ.

"ಮಲ್ಲಪ್ಪಾ! ಏನಯ್ಯಾ ಮಾಡ್ದೆ?"

"ಪೂಜಾ ಮಾಡೀನ್ರಿ ಸಾಹೇಬ್ರ. ರಿಜೆಕ್ಟ್ ಅಂತ ಬರೆದಿದ್ರಿ. ರಿಜೆಕ್ಟ್ ಆದ್ರ ಏನಾತ್ರಿ ಪಾಪ, ಅದಕ್ಕೂ ಪೂಜಾ ಬೇಕಲ್ರಿ. ಮತ್ತ ರಜಾದಾಗ ತುಕ್ಕು ಹಿಡೀಬಾರ್ದಂತ ತಂತಿಗೆಲ್ಲಾ ಮಷಿನ್ ಎಣ್ಣಿ ಸವರೀನ್ರಿ."

ಗಿಟಾರಿನ ಕಡೆ ಕೈ ಚಾಚಿದೆ. ಮಲ್ಲಪ್ಪ ನನ್ನ ಕೈ ಹಿಡಿದುಕೊಂಡ. "ಮುಟ್ಟಬ್ಯಾಡ್ರಿ! ಪೂಜಾ ಆಗೇತಿ!"

ಗದ್ದಲಕ್ಕೆ ಮಾಲೀಕರೇ ಬಂದರು. ವಿಷಯ ಕೇಳಿ ತಲೆ ಅಲ್ಲಾಡಿಸಿದರು. "ಅವನು ಹೇಳೋದು ಸರಿ ನಾಗರಾಜ್. ಪೂಜೆಗಿಟ್ಟ ಆಯುಧನ ವಿಜಯದಶಮಿ ಮುಗಿಯೋವರೆಗೂ ಎತ್ತಬಾರ್ದು. ನಮ್ಮ ತಂದೆ ಕಾಲದಿಂದ ಎತ್ತಿಲ್ಲ."

"ಇದು ಆಯುಧ ಅಲ್ಲ ಸಾರ್, ಗಿಟಾರ್!"

"ಆಯುಧ ಅಲ್ಲ ಅಂದ್ಮೇಲೆ ಸರ್ಫೇಸ್ ಪ್ಲೇಟ್ ಮೇಲೆ ಯಾಕ್ರೀ ಇಟ್ರಿ?"

ಆ ಹಬ್ಬದಲ್ಲಿ ಎಲ್ಲರೂ ನನಗೆ ಉತ್ತರವಿಲ್ಲದ ಪ್ರಶ್ನೆಗಳನ್ನೇ ಕೇಳುತ್ತಿದ್ದರು. ಮಾಲೀಕರು ಕೋಣೆಗೆ ಬೀಗ ಹಾಕಿ, ಬೀಗಕ್ಕೂ ಕುಂಕುಮವಿಟ್ಟು, ನನ್ನ ಕೈಗೆ ಸಿಹಿಯ ಪೊಟ್ಟಣವನ್ನೂ ಪುರಿಯನ್ನೂ ಕೊಟ್ಟು ಕಳಿಸಿದರು. ಅರಿಶಿನ ಒಣಗಿದರೆ ಹೋಗುವುದಿಲ್ಲ ಎಂಬುದು ಮದುವೆಯಾದ ಯಾವ ಗಂಡಸಿಗೂ ತಿಳಿದ ವಿಷಯ. ಅದು ಒಳಗೆ ನಿಶ್ಚಿಂತೆಯಾಗಿ ಒಣಗುತ್ತಿತ್ತು. ನಾನು ಹೊರಗೆ ಒಣಗುತ್ತಿದ್ದೆ.

ಮನೆಗೆ ಬಂದರೆ ಸರಳಾ ಸಂಭ್ರಮದಲ್ಲಿದ್ದಳು. ಬಚ್ಚಲಿನ ಮೂಲೆಯಲ್ಲಿದ್ದ ಹಳೆಯ ಡ್ರಮ್ಮನ್ನು ಒಬ್ಬಳೇ ಎಳೆದು ಹೊರಗಿಟ್ಟಿದ್ದಳು. ಮೂಲೆ ತೊಳೆದು, ಅಲ್ಲೊಂದು ರಂಗೋಲಿ ಹಾಕಿದ್ದಳು. ಕೆಳಗಿನ ಮನೆಯ ಆಂಟಿಗೆ ಸುದ್ದಿ ಹೋಗಿತ್ತು. ಅಂದ ಮೇಲೆ ಇಡೀ ಬೀದಿಗೆ ಹೋಗಿತ್ತು.

"ಬಟ್ಟೆ ಒಗೆಯೋ ಬ್ರಷ್ಷನ್ನ ಕಸದ ಗಾಡಿಗೆ ಹಾಕ್ಬಿಟ್ಟೆ ರೀ. ಇನ್ಯಾಕೆ ಬೇಕು ಅದು?" ಎಂದು ನಕ್ಕಳು.

ಹೇಳಬೇಕೆಂದು ಬಾಯಿ ತೆರೆದೆ. ಅವಳು ಆ ಬಾಯಿಗೆ ಒಬ್ಬಟ್ಟು ಹಾಕಿದಳು. ವಿಜಯದಶಮಿ ಪೂರ್ತಿ ಹೀಗೇ ಕಳೆಯಿತು. ಅವಳು ರಂಗೋಲಿಯ ಹತ್ತಿರ ಹೋದಾಗಲೆಲ್ಲ ನಾನು ಇನ್ನೊಂದು ಒಬ್ಬಟ್ಟು ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಹಬ್ಬ ಮುಗಿದ ಬೆಳಗ್ಗೆ ಎಲ್ಲರಿಗಿಂತ ಮೊದಲು ಕಾರ್ಖಾನೆಗೆ ಓಡಿದೆ. ಹಾರ ತೆಗೆದು, ವಿಭೂತಿ ಒರೆಸಿದೆ. ಅದು ಹೋಯಿತು. ಅರಿಶಿನ ಹೋಗಲಿಲ್ಲ. ನೀರಿನಲ್ಲಿ ಒರೆಸಿದೆ, ಹೋಗಲಿಲ್ಲ. ಸೀಮೆಎಣ್ಣೆಯಲ್ಲಿ ಒರೆಸಿದೆ. ಎಣ್ಣೆ, ಅರಿಶಿನ, ಕುಂಕುಮ ಮೂರೂ ಸೇರಿಕೊಂಡು ಕತ್ತಿನ ತುಂಬ ಹರಡಿ ಒಳ್ಳೇ ಕಿತ್ತಳೆಬಣ್ಣ ಬಂತು. ಮದುಮಗನಂತೆ ಕಂಗೊಳಿಸುತ್ತಿದ್ದ ಗಿಟಾರನ್ನು ಹೊತ್ತುಕೊಂಡು ವಿಜಯನಗರಕ್ಕೆ ಹೋದೆ.

ಅಂಗಡಿಯವರು ಅದನ್ನು ನೋಡಿದರು. ನನ್ನನ್ನು ನೋಡಿದರು. ನಿಧಾನವಾಗಿ ಕೈಮುಗಿದರು.

"ಪೂಜೆ ಚೆನ್ನಾಗಿ ಮಾಡಿದೀರಾ ಸಾರ್. ಬಿಲ್ ಯಾವ ಹೆಸರಿಗೆ ಬರೀಲಿ?"

ನನ್ನ ಬಳಿ ಕೊನೆಯ ಅಸ್ತ್ರವೊಂದಿತ್ತು. "ರೀ ಸ್ವಾಮಿ, ಪೂಜೆ ವಿಷಯ ಬಿಡಿ. ನೀವು ಕೊಟ್ಟಿರೋದೇ ಡಿಫೆಕ್ಟ್ ಪೀಸು! ಕತ್ತು ಮೂವತ್ತು ಪಾಯಿಂಟ್ ಡೊಂಕಿದೆ. ಅಳೆದಿದೀನಿ!"

ಅವರು ಮಗುವಿಗೆ ಹೇಳುವ ಹಾಗೆ ಹೇಳಿದರು. "ಅದು ಡೊಂಕಲ್ಲ ಸಾರ್, ಬೇಕೂಂತ್ಲೇ ಅಷ್ಟು ಬಾಗಿಸಿರ್ತಾರೆ. ತಂತಿ ಅಲ್ಲಾಡೋಕೆ ಜಾಗ ಬೇಕಲ್ವಾ? ಪೂರ್ತಿ ನೆಟ್ಟಗಿದ್ರೆ ಕಟಕಟ ಅನ್ನುತ್ತೆ. ಅಷ್ಟು ಕರೆಕ್ಟಾಗಿ ಇದೆ ಅಂದ್ರೆ ಒಳ್ಳೇ ಪೀಸು ಸಾರ್ ಇದು." ಹೀಗೆಂದು ಎಣ್ಣೆ ಒರೆಸಿ, ವೈರು ಸಿಕ್ಕಿಸಿ, ಅದನ್ನು ನುಡಿಸಿದರು. ಕತ್ತು ಕಿತ್ತಳೆಯಾಗಿದ್ದರೂ ದನಿ ಮಾತ್ರ ಜೇನು. ಮೂರು ದಿನದಲ್ಲಿ ನಾನು ಅದರ ದನಿ ಕೇಳಿದ್ದು ಅದೇ ಮೊದಲು.

ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ನಾನು ಒಳ್ಳೆಯ ಪೀಸನ್ನು ರಿಜೆಕ್ಟ್ ಮಾಡಿದ್ದು ಅದೊಂದೇ ಸಲ. ರಿಜೆಕ್ಟ್ ಮಾಡಿದ್ದನ್ನು ದುಡ್ಡು ಕೊಟ್ಟು ಕೊಂಡಿದ್ದೂ ಅದೊಂದೇ ಸಲ!

ಮನೆಗೆ ಹೋಗುವ ದಾರಿಯಲ್ಲಿ ಒಂದು ಬಟ್ಟೆ ಒಗೆಯುವ ಬ್ರಷ್ಷು ಕೊಂಡೆ. ಅದನ್ನು ಪರೀಕ್ಷಿಸಲಿಲ್ಲ.

ಸರಳಾ ಬಾಗಿಲಲ್ಲೇ ನಿಂತಿದ್ದಳು. ಹಿಂದೆ ಮಷೀನಿನ ಆಟೋ ಬರುತ್ತಿದೆಯೇ ಎಂದು ಬೀದಿಯುದ್ದಕ್ಕೂ ನೋಡಿದಳು. ಆಮೇಲೆ ನನ್ನ ಹೆಗಲ ಮೇಲಿದ್ದ ಕಿತ್ತಳೆ ಕತ್ತನ್ನೂ ಕೈಯಲ್ಲಿದ್ದ ಬ್ರಷ್ಷನ್ನೂ ನೋಡಿದಳು. ನಾನು ಒಂದೂ ಬಿಡದೆ ಎಲ್ಲ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ.

"ಕುಣಿಯಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದಳು. "ನೀವು ಆ ಡೊಂಕನ್ನ ಅಳೆದೂ ಬಿಟ್ರಿ." ಬ್ರಷ್ಷಿಗೆ ಕೈ ಚಾಚಿದಳು. ಅವಳ ಅಂಗೈಯ ಬಿರುಕುಗಳಲ್ಲಿ ರಂಗೋಲಿಯ ಬಿಳಿ ಪುಡಿ ಇನ್ನೂ ಕೂತಿತ್ತು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಬ್ರಷ್ಷನ್ನು ಅವಳಿಗೆ ಕೊಡಲಿಲ್ಲ.

"ಮುಂದಿನ ಚೀಟಿ ಎತ್ತೋವರೆಗೂ ಬಟ್ಟೆ ನಾನೇ ಒಗೀತೀನಿ" ಎಂದೆ.

ಮಾತು ಕೊಡುವಾಗ ಒಂದು ವಿಷಯ ನನಗೆ ಹೊಳೆಯಲಿಲ್ಲ. ಉಕ್ಕಿನ ತಂತಿ ಒತ್ತಬೇಕಾದರೆ ಬೆರಳ ತುದಿ ಜಡ್ಡುಗಟ್ಟಿರಬೇಕು. ದಿನಾ ಒಂದು ಗಂಟೆ ನುಡಿಸಿ ಜಡ್ಡು ಬರಿಸಿಕೊಳ್ಳುತ್ತಿದ್ದೆ. ಮಾರನೆ ಬೆಳಗ್ಗೆ ಒಂದು ಬಕೆಟ್ ಸೋಪಿನ ನೀರಿನಲ್ಲಿ ಅದೆಲ್ಲ ನೆನೆದು ಇಡ್ಲಿಯಂತೆ ಮೆತ್ತಗಾಗುತ್ತಿತ್ತು. ರಾಜ್ಯೋತ್ಸವದ ದಿನ ವೇದಿಕೆಯ ಮೇಲೆ ಸೋಲೋ ಶುರುಮಾಡಿದೆ. ನಾಲ್ಕನೆಯ ಸಾಲಿಗೆ ಬೆರಳು ಉರಿಯತೊಡಗಿತು, ಆರನೆಯದಕ್ಕೆ ಕಣ್ಣಲ್ಲಿ ನೀರು. ಭಾವಾವೇಶವೆಂದು ತಿಳಿದು ಮುಂದಿನ ಸಾಲಿನವರು ಚಪ್ಪಾಳೆ ಹೊಡೆದರು. ರಮೇಶ ಮಾತ್ರ ಸದ್ದಿಲ್ಲದೆ ಕಾಲಿನಿಂದ ನನ್ನ ಆಂಪ್ಲಿಫಯರಿನ ಸ್ವಿಚ್ಚು ಒತ್ತಿ, ಉಳಿದ ಸೋಲೋವನ್ನು ಕೀಬೋರ್ಡಿನಲ್ಲಿ ಮುಗಿಸಿದ.

ಹಳೆಯ ಅಭ್ಯಾಸದಂತೆ ಗಿಟಾರಿನ ಕಡೆ ನೋಡಿ ನಿಟ್ಟುಸಿರು ಬಿಟ್ಟೆ. ಈ ಸಲ ಯಾರೂ ಅದರ ಕಡೆ ನೋಡಲಿಲ್ಲ, ಎಲ್ಲರೂ ನನ್ನನ್ನೇ ನೋಡಿದರು.

ಮನೆಗೆ ನಡೆದು ಬರುವಾಗ "ಹೇಗಿತ್ತು?" ಎಂದು ಕೇಳಿದೆ.

"ಗಿಟಾರ್ ಚೆನ್ನಾಗಿದೆ ರೀ" ಎಂದಳು ಸರಳಾ.

ಮುಂದಿನ ಆಯುಧಪೂಜೆ ಬಂತು. ಚೀಟಿ ಇನ್ನೂ ನಮ್ಮ ಹೆಸರಿಗೆ ಬಂದಿರಲಿಲ್ಲ. ಈ ಸಲ ನಾನು ಗಿಟಾರನ್ನು ಮನೆಯಿಂದ ಹೊರಗೇ ಬಿಡಲಿಲ್ಲ. ಸರಳಾ ತಟ್ಟೆ ಹಿಡಿದು ಸಾಲಾಗಿ ಪೂಜೆ ಮಾಡುತ್ತಾ ಬಂದಳು. ಮಿಕ್ಸಿಗೆ ಕುಂಕುಮ, ಟೀವಿಗೆ ಕುಂಕುಮ, ಸ್ಕೂಟರಿನ ಬೀಗದ ಕೈಗೆ ಕುಂಕುಮ, ಗಿಟಾರಿಗೆ ದೂರದಿಂದಲೇ ಎರಡು ಹೂವು. ಕೊನೆಗೆ ನನ್ನ ಮುಂದೆ ನಿಂತು ನನ್ನ ಹಣೆಗೂ ಒಂದು ಬೊಟ್ಟಿಟ್ಟಳು. ಅವಳ ಅಂಗೈ ಕಂಡಿತು. ಬಿರುಕುಗಳೆಲ್ಲ ಮಾಯ್ದು ನುಣ್ಣಗಾಗಿತ್ತು.

"ನನಗ್ಯಾಕೆ?" ಎಂದೆ.

"ಮನೇಲಿರೋ ಮಷೀನಿಗೆಲ್ಲ ಇಡ್ಬೇಕಲ್ಲ ರೀ."

ನನಗೆ ಒಂದು ಕ್ಷಣ ಆಸೆ ಹುಟ್ಟಿತು. "ಹಾಗಾದ್ರೆ ವಿಜಯದಶಮಿ ಮುಗಿಯೋವರೆಗೂ ನನ್ನ ಮುಟ್ಟೋ ಹಾಗಿಲ್ಲ ತಾನೇ?"

"ಯಾರು ಮುಟ್ತಾರೆ?" ಎಂದಳು ಸರಳಾ. "ಬಕೆಟ್ ಅಲ್ಲಿದೆ, ನೀವೇ ಹೋಗಿ."

ಹೋದೆ. ಹಬ್ಬದ ಬಟ್ಟೆ, ಎರಡು ಬಕೆಟ್ ಇತ್ತು.